ಮೋಡದಲ್ಲೂ ತುಂಬಿದ್ದ ಕ್ಯಾಮೆರಾ

ಆಲಸನತ್ತಂ ಬಡಾವಣೆಯ ಕೊನೆಯ ಅಡ್ಡರಸ್ತೆಯವರು ಬಿಸಿಲು ಕಂಡು ವಾರವಾಗಿತ್ತು. ಕಡಲಿನಲ್ಲೆಲ್ಲೋ ಎದ್ದ ಚಂಡಮಾರುತ ಹೊಸೂರಿಗೆ ಗಾಳಿಯನ್ನು ಕಳಿಸದೆ ಬರೀ ಜಡಿಮಳೆಯನ್ನೂ ಮಂಜನ್ನೂ ಕಳಿಸಿತ್ತು. ಅಂದು ದೀಪ ಹಚ್ಚುವ ಹೊತ್ತಿಗೆ ಕರೆಂಟೂ ಹೋಯಿತು. ಡಬಲ್ ಡ್ಯೂಟಿ ಮುಗಿಸಿ ಬಂದು ಮಲಗಿದ್ದ ಗಂಡ ಉಮಾಶಂಕರನನ್ನು ಎಬ್ಬಿಸಲು ಮನಸ್ಸಾಗದೆ, ಕತ್ತಲಲ್ಲಿ ಸುಮ್ಮನೆ ಕೂರಲೂ ಧೈರ್ಯವಾಗದೆ, ಚಂದ್ರಲೇಖಾ ಬಾಗಿಲನ್ನು ಮುಂದಕ್ಕೆಳೆದು ಪುಟ್ಟ ಮಗಳು ಭೂಮಿಕಾಳನ್ನು ಎತ್ತಿಕೊಂಡು ಎದುರುಮನೆಯ ರಾಮಕ್ಕನ ಜಗಲಿಗೆ ಬಂದಳು.

ಈ ಬಡಾವಣೆ ರಾಗಿ ಹೊಲವಾಗಿದ್ದ ಕಾಲದಿಂದ ರಾಮಕ್ಕ ಇಲ್ಲೇ ಇದ್ದವಳು. ಲಾಟೀನಿನ ಪಕ್ಕ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಮಹಡಿಯ ಬಾಡಿಗೆಯ ಹುಡುಗಿ ಮೇಘಶ್ರೀಯೂ ಇಳಿದು ಬಂದಿದ್ದಳು. ಮಾತು ಕ್ಯಾಮೆರಾಗಳ ಕಡೆ ಹೊರಳಿತು. ಬೈಕು ಕಳುವಾದ ಮೇಲೆ ಆ ಬೀದಿಯ ಗೇಟುಗಳಿಗೆಲ್ಲ ಜಗನ್ ಎಂಬವನು ಸಿಮ್ ಇರುವ ಸೋಲಾರ್ ಕ್ಯಾಮೆರಾ ಹಾಕಿಕೊಟ್ಟಿದ್ದ. ಚಳಿಗಾಲದಲ್ಲಿ ಸೋಲಾರ್ ಹಲಗೆಯ ಮೇಲಿನ ಇಬ್ಬನಿ ಒರೆಸುತ್ತಿರಿ, ಅದರ ಮುಖವನ್ನು ದಕ್ಷಿಣಕ್ಕೆ ತಿರುಗಿಸಿ, ನೆರಳು ಬೀಳುವ ಕೊಂಬೆ ಕಡಿಯಿರಿ ಎಂದು ಹೇಳಿಯೂ ಇದ್ದ. ಏನು ಮಾಡಿದರೂ ಈ ಮೋಡದಲ್ಲಿ ಎಲ್ಲವೂ ಚಾರ್ಜ್ ಇಲ್ಲದೆ ಒಂದೊಂದಾಗಿ ಕಣ್ಣು ಮುಚ್ಚಿದ್ದವು. ತನ್ನದನ್ನು ಬಿಚ್ಚಿ ತಂದು ಚಾರ್ಜರಿಗೆ ಸಿಕ್ಕಿಸಿದರೆ ಈಗ ಕರೆಂಟೇ ಇಲ್ಲ ಎಂದು ಮೇಘಶ್ರೀ ಗೊಣಗಿದಳು.

ಚಂದ್ರಲೇಖಾ ದಿನವೆಲ್ಲ ಫೋನಿನಲ್ಲಿ ತನ್ನ ಗೇಟನ್ನು ನೋಡಿಕೊಳ್ಳುತ್ತಲೇ ಇರುವವಳು. ಅವಳಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. "ನಮ್ಮದರ ಬ್ಯಾಟರಿ ಮಾತ್ರ ಫುಲ್ ಇದೆ. ಒಂದು ದಿನವೂ ಇಳಿದಿಲ್ಲ," ಎಂದಳು.

ಬತ್ತಿ ಹೊಸೆಯುವ ಕೈ ನಿಂತಿತು.

"ಒರೆಸೋರ್ಯಾರು?" ರಾಮಕ್ಕ ಕೇಳಿದಳು.

"ಯಾರೂ ಇಲ್ಲ ಅಜ್ಜಿ. ಅಷ್ಟೆತ್ತರಕ್ಕೆ ಏಣಿ ಬೇಕು."

"ನಿಮ್ದು ಮಾತೂ ಆಡ್ತದಲ್ವಾ?"

ಹೌದು. ಗೇಟಿನ ಮುಂದೆ ಯಾರಾದರೂ ಸುಳಿದರೆ ಕ್ಯಾಮೆರಾ ಭೂಮಿಕಾಳ ದನಿಯಲ್ಲಿ "ಬನ್ನಿ, ಒಳಗೆ ಬನ್ನಿ" ಎನ್ನುತ್ತಿತ್ತು. ದೀಪಾವಳಿಗೆ ಬರುವ ನೆಂಟರಿಗೆಂದು ಮಗುವಿನ ಕೈಲಿ ಹೇಳಿಸಿ ತುಂಬಿಸಿದ್ದು. ತೆಗೆಯಲು ಮನಸ್ಸು ಬಂದಿರಲಿಲ್ಲ. ಅದನ್ನು ಕೇಳಿ ರಾಮಕ್ಕ ಬತ್ತಿಗಳನ್ನು ಬದಿಗಿಟ್ಟಳು. ಆಮೇಲೆ ಲಾಟೀನನ್ನು ಹತ್ತಿರಕ್ಕೆಳೆದುಕೊಂಡು ಶುರುಮಾಡಿದಳು.

"ಕೇಳ್ರವ್ವ... ಇದು ಹಳೇ ಕಾಲದ್ದಲ್ಲ, ಹೋದ ಚಳಿಗಾಲದ್ದು. ಮೂಕಂಡಪಲ್ಲಿ ತಾವ ನಮ್ಮ ದೊಡ್ಡಪ್ಪನ ಮಗ ನರಸಿಂಹಪ್ಪ ಹೊಸ ಮನೆ ಕಟ್ಟಿ, ಗೃಹಪ್ರವೇಶಕ್ಕೆ ಬಂದೋರಿಗೆಲ್ಲ ತಮಾಷೆಯಾಗ್ಲಿ ಅಂತ ಗೇಟಿನ ಕ್ಯಾಮ್ರಾದಾಗೆ ತನ್ನ ಮಾತೇ ತುಂಬ್ಸಿದ, ಬನ್ನಿ ಒಳಗೆ ಬನ್ನಿ ಅಂತ... ನೆಂಟ್ರು ಬಂದ್ರು, ಉಂಡ್ರು, ಹೋದ್ರು. ಆಮ್ಯಾಕೆ ಆ ಮಾತು ತೆಗೀಬೇಕಲ್ವಾ? ಮರ್ತ್ಬುಟ್ಟ.

"ನೀವು ಎಲ್ಲಿಂದ್ಲೋ ಬಂದೋರು, ನಿಮಗೆ ಗೊತ್ತಿಲ್ಲ. ಈ ಕಡೆ ನಾವು ದೀಪ ಹಚ್ಚೋ ಹೊತ್ನಾಗೆ ಮೊಕ ನೋಡ್ದೆ ಯಾರ್ನೂ ಬಾ ಅನ್ನಾಕಿಲ್ಲ. ಯಾರದು ಅಂತ ಕೇಳ್ತೀವಿ, ದೀಪ ಎತ್ತಿ ಮೊಕ ನೋಡ್ತೀವಿ, ಆಮ್ಯಾಕೆ ಕರೀತೀವಿ. ಯಾಕೆ? ನಮ್ಮತ್ತೆ ಯೋಳ್ತಿದ್ರು... ಪ್ಲೇಗಿನ ಕಾಲ್ದಾಗೆ, ಇಂಥದ್ದೇ ಜಡಿಮಳೇಲಿ, ಯಾವೂರೋ ಏನೋ, ಒಬ್ಬ ಹೆಂಗ್ಸು ಬಂದು ಮನೆಮನೆ ಬಾಗ್ಲಾಗೂ ನಿಂತ್ಳಂತೆ. ನಿಲ್ಲಾಕೆ ಮುಂಚೆ ಸೆರಗಿನಾಗೆ ಮೊಕ ಒರೆಸ್ಕೊಂಡು, ನೀಟಾಗಿ, ಮರ್ಯಾದಸ್ತರಂಗೆ. ರೋಗ ತಂದವ್ಳೆ ಅಂತ ಒಬ್ರೂ ಒಳಗೆ ಕರೀಲಿಲ್ಲ. ಬೆಳಕು ಹರಿಯೋ ಹೊತ್ಗೆ ಹೊಂಗೆಮರದ ಬುಡದಾಗೆ ಸತ್ತು ಸೆಟ್ಕೊಂಡು ಕೂತಿದ್ಳಂತೆ, ಸೆರಗು ಕೈಯಾಗೇ ಇತ್ತಂತೆ. ಅವ್ಳಿಗೆ ನಮ್ಮೋರು ಕಾದೋಳು ಅಂತಾರೆ. ಕರೆಯೋರ್ನ ಕಾದೋಳು.

"ಮಾರ್ಗಶಿರ ಬಂತು, ಮಂಜು ಬಿತ್ತು. ಊರಿನ ಕ್ಯಾಮ್ರಾ ಎಲ್ಲಾ ಸತ್ತಂಗೆ ಬಿದ್ವು. ನರಸಿಂಹಪ್ಪಂದು ಮಾತ್ರ ತುಂಬಿದ್ದು ತುಂಬ್ದಂಗೇ. ಅವ್ನ ಹೆಂಡ್ತಿ ಸಾಕಮ್ಮ ರಂಗೋಲಿ ಹಾಕಾಕೆ ಬಂದು ತಲೆ ಎತ್ತಿ ನೋಡ್ತಾಳೆ... ಗೋಡೆ ತುಂಬ ಇಬ್ಬನಿ, ಗೇಟು ತುಂಬ ಇಬ್ಬನಿ, ಆ ಹಲಗೆ ಮ್ಯಾಲೆ ಒಂದು ಹನಿ ಇಲ್ಲ. ಸೆರಗಿನಾಗೆ ಒರೆಸ್ದಂಗೆ ಗೀಟು. ಯಾರು ಒರೆಸಿದ್ರು? ಫೋನಿನಾಗೆ ನೋಡಿದ್ರೆ ಬರೀ ಮಂಜು. ಆ ಬರೀ ಮಂಜಿಗೇ ಕ್ಯಾಮ್ರಾ ಎದ್ದು ಅಂತದೆ, ಬನ್ನಿ, ಒಳಗೆ ಬನ್ನಿ... ಎಷ್ಟೋ ಕಾಲಕ್ಕೆ ಅವ್ಳಿಗೊಂದು ಕರೆಯೋ ಬಾಯಿ ಸಿಕ್ಕಿತ್ತು ಕಣವ್ವ. ಅದು ಮುಚ್ಚದಂಗೆ ನೋಡ್ಕಂತಿದ್ಳು."

"ಕರೆದ ಮೇಲೆ ಒಳಗೆ ಬರಬಹುದಿತ್ತಲ್ಲ?" ಚಂದ್ರಲೇಖಾ ಕೇಳಿದಳು. ತನ್ನ ದನಿ ಸಣ್ಣದಾದದ್ದು ಅವಳಿಗೇ ಕೇಳಿಸಿತು.

"ಯಂತ್ರ ಕರೆದ್ರೆ ಬಂದ್ಬುಡ್ತಾರಾ ತಾಯಿ? ಮನೆಯೋರ ಬಾಯಿಂದ ಬರ್ಬೇಕು. ಒಂದಿನ ಸಂಜೆ ಸಾಕಮ್ಮ ಒಲೆ ಮುಂದೆ ಇದ್ಳು. ಗೇಟಿನಾಗೆ ಗಂಡನ ದನಿ ಕೇಳ್ತು, ಬನ್ನಿ ಒಳಗೆ ಬನ್ನಿ ಅಂತ. ಯಾರೋ ನೆಂಟ್ರನ್ನ ಕರ್ಕೊಂಡು ಬಂದವ್ನೆ ಅಂದ್ಕೊಂಡು, ತಿರುಗಿ ಕೂಡ ನೋಡ್ದೆ, ಬನ್ನಿ ಕೂತ್ಕೊಳ್ಳಿ ಅಂದ್ಬುಟ್ಳು... ಅಷ್ಟೆ. ಆ ಕ್ಷಣಕ್ಕೆ ಬ್ಯಾಟ್ರಿ ತೂತಿನ ಕೊಡದಂಗೆ ಇಳಿದು ಹೋಯ್ತು. ಇನ್ನ ಅದನ್ನ ಒರೆಸಿ ಏನಾಗ್ಬೇಕು? ಒಳಗೆ ಬಂದಾಗಿತ್ತಲ್ಲ."

ಮೇಘಶ್ರೀ ಕಾಲನ್ನು ಮಡಚಿಕೊಂಡು ಕೂತಳು. ಸಾಕಮ್ಮನಿಗೆ ಏನಾಯಿತು ಎಂದು ಮೆಲ್ಲಗೆ ಕೇಳಿದಳು.

"ಬಿಸಿಲು ಬಂದ ಮ್ಯಾಲೆ ಕಾದೋಳು ಎದ್ದು ಹೋದ್ಳು. ಹೋಗ್ವಾಗ ಸಾಕಮ್ಮನ್ನೂ ಕರ್ಕೊಂಡು ಹೋದ್ಳು, ಮೈ ಮಾತ್ರ ಬಿಟ್ಟು. ಅದು ಈಗ ಕೃಷ್ಣಗಿರೀಲಿ ಮಗಳ ಮನೇಲೈತೆ. ಇಕ್ಕಿದ್ರೆ ಉಣ್ತದೆ. ಹೆಸರಿಡಿದು ಕರೆದ್ರೆ ತಿರುಗಾಕಿಲ್ಲ. ಹೊತ್ತು ಮುಳುಗ್ತಾ ಬಂದ್ರೆ ಬಾಗ್ಲಾಗೆ ನಿಂತು ಹೋಗೋ ಬರೋರ್ನೆಲ್ಲ, ಆ ಕ್ಯಾಮ್ರಾ ಅಂದಂಗೇ..."

ರಾಮಕ್ಕ ಮಾತು ಮುಗಿಸಲಿಲ್ಲ. ರಸ್ತೆಯ ಆಚೆಯಿಂದ, ಮಳೆಯ ನಡುವೆ, ಎಳೆಯ ದನಿ ತೇಲಿ ಬಂತು.

"ಬನ್ನಿ, ಒಳಗೆ ಬನ್ನಿ."

ಮಡಿಲಲ್ಲಿ ತೂಕಡಿಸುತ್ತಿದ್ದ ಭೂಮಿಕಾ ತಲೆಯೆತ್ತಿ, "ಅಮ್ಮ, ಅದು ನಾನು," ಎಂದು ನಕ್ಕಳು.

ಚಂದ್ರಲೇಖಾ ಫೋನು ತೆಗೆದಳು. ಪರದೆಯ ಮೇಲೆ ಗೇಟು, ಮಂಜು, ಮಳೆಯ ಗೆರೆಗಳು. ಬೇರೆ ಯಾರೂ ಇಲ್ಲ. ಮೂಲೆಯಲ್ಲಿ ಬ್ಯಾಟರಿ ತುಂಬಿಯೇ ಇತ್ತು. ಇನ್ನೂ ಹೊರಗಿದೆ ಎಂದುಕೊಂಡಳು. ಇನ್ನೂ ಹೊರಗೇ ಇದೆ. ಉಮಾಶಂಕರನಿಗೆ ಎಚ್ಚರವಾಗಿ, ಮಗಳೇ ಕರೆಯುತ್ತಿದ್ದಾಳೆಂದು ಓಗೊಡುವ ಮೊದಲು ಹೇಳಿಬಿಡಬೇಕು. ಗಂಡನ ನಂಬರು ಒತ್ತಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಕೊನೆಗೆ ಎತ್ತಿಕೊಂಡ.

"ಯಾಕೆ ಫೋನ್ ಮಾಡ್ತಾ ಇದ್ದೀಯ? ಇಬ್ರೂ ಒಳಗೇ ಬಂದ್ರಲ್ಲ?" ನಿದ್ದೆಗಣ್ಣಿನ ದನಿ. "ಮಗು ಕೂಗ್ತು, ಬಾ ಕಂದ ಅಂದೆ. ಬಂದು ನನ್ನ ಕಾಲ ಹತ್ರ ಕೂತೈತೆ. ಎಷ್ಟು ನೆನೆದೈತೆ ನೋಡು, ಮೈಯೆಲ್ಲ ತಣ್ಣಗೆ... ಒರೆಸೋಕೆ ಟವಲ್ ಎಲ್ಲಿಟ್ಟೆ?"

ಕರೆ ಅಲ್ಲಿಗೆ ಕಡಿದುಹೋಯಿತು. ಅವಳು ಕ್ಯಾಮೆರಾದ ಚಿತ್ರಕ್ಕೆ ಮರಳುವಷ್ಟರಲ್ಲಿ ಬ್ಯಾಟರಿಯ ಹಸಿರು ಅರ್ಧಕ್ಕೆ ಇಳಿದಿತ್ತು. ನೋಡುತ್ತಿದ್ದಂತೆ ಕೆಂಪಾಯಿತು. ಗೇಟು, ಮಂಜು, ಮಳೆ ಎಲ್ಲ ಒಟ್ಟಿಗೆ ಆರಿಹೋದವು.

ಚಂದ್ರಲೇಖಾ ಮಗುವನ್ನು ಮೇಘಶ್ರೀಯ ಕೈಗೆ ಕೊಟ್ಟು ಎದ್ದಳು. ರಾಮಕ್ಕ ಅವಳ ಮುಂಗೈ ಹಿಡಿದು, ಇನ್ನೊಂದು ಕೈಯಲ್ಲಿ ಲಾಟೀನು ಕೊಟ್ಟಳು.

"ಹೋಗು ತಾಯಿ, ಗಂಡನ್ನ ಬಿಟ್ಟು ಇರಾಕಾಯ್ತದಾ? ಆದ್ರೆ ನಾನು ಯೋಳಿದ್ದು ಬರೀ ಒಳಗಿನೋರಿಗಲ್ಲ... ಹೊರಗೆ ನಿಂತೋರಿಗೂ ಅದೇ ಮಾತು. ಒಳಗಿಂದ ಯಾರು ಕರೆದ್ರೂ, ಮೊಕ ನೋಡ್ದೆ ಹೊಸ್ತಿಲು ದಾಟ್ಬೇಡ."

ಚಂದ್ರಲೇಖಾ ರಸ್ತೆಗೆ ಇಳಿದಳು. ಎದುರುಮನೆಯ ಬಾಗಿಲು ಮೆಲ್ಲಗೆ ತೆರೆಯಿತು. ಒಳಗಿನ ಕತ್ತಲಿಂದ ಉಮಾಶಂಕರನ ದನಿ ಕೇಳಿಸಿತು. ಮದುವೆಯಾದಾಗಿನಿಂದ ಅವಳನ್ನು ಏಕವಚನದಲ್ಲಲ್ಲದೆ ಅವನು ಎಂದೂ ಕರೆದವನಲ್ಲ.

"ಬನ್ನಿ," ಎಂದಿತು ದನಿ, "ಒಳಗೆ ಬನ್ನಿ."