ಓಡುವ ಮೊದಲು

೨೦೦೧ರ ಒಂದು ಮುಂಜಾನೆ ರಾಮದುರ್ಗದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಹೈಸ್ಕೂಲಿನ ಹುಡುಗಿಯೊಬ್ಬಳು, ಅವಳಿಗೆ ಓಟ ಕಲಿಸುವ ಅಕ್ಕೋರ ಜೊತೆ ಕುಳಿತಿದ್ದಳು. ಬೆಳಗಾವಿಯಲ್ಲಿ ಅವತ್ತು ಜಿಲ್ಲಾ ಮಟ್ಟದ ಓಟದ ಸ್ಪರ್ಧೆಯಿತ್ತು.

"ನಾ ಓಡೂದಿಲ್ರಿ ಅಕ್ಕೋರ."

"ಅಂಜಿಕಿ ಎಲ್ಲಾರಿಗೂ ಬರತೈತಿ ಪ್ರಣಿತಾ. ಗೆರಿ ಮ್ಯಾಲ ನಿಂತಾಗ ಸಾವಕಾಶ ಉಸಿರು ಬಿಡು."

"ಸೋತೇನು ಅಂತ ಅಂಜಿಕಿ ಅಲ್ರಿ. ಗೆದ್ದೇನು ಅಂತ ಅಂಜಿಕಿ."

"ಯಾಕವಾ?"

"ಹೋದ ವರ್ಷ ನಾ ಗೆದ್ದೆ, ಅವತ್ತ ಅವ್ವ ತೀರಿಕೊಂಡ್ಲು. ಈಗ ಅಪ್ಪಗ ಜ್ವರ ಬಂದಾವ್ರಿ."

"ನಿನ್ನ ಓಟಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ."

"ಗೊತ್ತೈತ್ರಿ. ಆದ್ರ ಗೆರಿ ಮ್ಯಾಲ ನಿಂತ್ರ ಅದ ವಿಚಾರ ಬರತೈತಿ."

ಅಕ್ಕೋರು ಅವಳ ಕಡೆ ತಿರುಗಿ ಕುಳಿತರು.

"ನೀ ಓಡೂಕಿಂತ ಮೊದಲ ನಿಮ್ಮವ್ವ ಹೋಗಿದ್ಲು."

"ನಿಮಗ ಹೆಂಗ ಗೊತ್ರಿ?"

"ಅವತ್ತ ಮುಂಜಾನೆನ ನನಗ ಫೋನ್ ಬಂದಿತ್ತು. ವರ್ಷಪೂರ್ತಿ ತಯಾರಿ ಮಾಡಿದ್ದಿ, ಇದೊಂದು ಓಟ ಓಡಲಿ ಅಂತ ನಾನ ನಿನಗ ಸುದ್ದಿ ಹೇಳಲಿಲ್ಲ."

ಹುಡುಗಿ ಅವರನ್ನೇ ನೋಡಿದಳು.

"ಪದಕ ಹಾಕ್ಕೊಂಡು ನಾ ಕುಣಿದಾಡಿದಾಗೂ ನಿಮಗ ಗೊತ್ತಿತ್ತೇನ್ರಿ?"

"ಹೂಂ, ಗೊತ್ತಿತ್ತು. ತಪ್ಪಾತವಾ."

ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಬೆಳಗಾವಿ ಬಸ್ಸು ಬಂತು. ಪ್ರಣಿತಾ ಎದ್ದು ಚೀಲ ಹೆಗಲಿಗೇರಿಸಿದಳು.

"ಓಡತೇನ್ರಿ. ಆದ್ರ ಈ ಸಲ ಫೋನ್ ಬಂದ್ರ, ಓಡೂಕಿಂತ ಮೊದಲ ಹೇಳ್ರಿ."

ಅಕ್ಕೋರು ಹೂಂ ಎಂದು ತಲೆಯಾಡಿಸಿದರು. ಇಬ್ಬರೂ ಬಸ್ ಹತ್ತಿದರು. ಹುಡುಗಿ ಮುಂದೆ ಹೋಗಿ ಕಿಟಕಿಯ ಪಕ್ಕ ಕುಳಿತಳು. ಪಕ್ಕದ ಸೀಟು ಖಾಲಿಯಿದ್ದರೂ ಅಕ್ಕೋರು ಅಲ್ಲಿ ಕೂರಲಿಲ್ಲ.