ಎಮ್ಮೆಗುಂಡಿನ ದೊಣೆ

ಸಹನಾ ಅವತ್ತು ಸೈಕಲ್ ತಳ್ಳಿಕೊಂಡೇ ಬರ್ತಿದ್ದಳು. ಹಿಂದಿನ ಚಕ್ರ ಪಂಕ್ಚರ್. ರಾತ್ರಿ ಎಂಟು ದಾಟಿತ್ತು. ದೊಡ್ಡೇರಿ ಕಡೆಯ ಎಮ್ಮೆಗುಂಡು ಬೆಟ್ಟದಿಂದ ಊರಿಗೆ ಬರೋ ದಾರೀಲಿ ಒಂದು ಆಲದ ಮರ, ಅದರ ಬುಡಕ್ಕೆ ಪಾಳು ಬಾವಿ. ಅಲ್ಲಿಗೆ ಬಂದಾಗ ಹಿಂದೆ ಸದ್ದಾಯ್ತು.

ಪಚಕ್... ಪಚಕ್...

ನೀರು ತುಂಬಿದ ಶೂ ಹಾಕ್ಕೊಂಡು ಯಾರೋ ನಡೆದಂಗೆ. ಅವಳು ನಿಂತಳು. ಸದ್ದೂ ನಿಂತಿತು.

ಇದು ಯಾರೋ ಎಲ್ಲೋ ಕೇಳಿ ಬಂದು ಹೇಳಿದ್ದಲ್ಲ. ಸಹನಾ ನಮ್ಮ ಬೀದಿ ಹುಡುಗಿ. ಅವರ ಮನೆಗೂ ನಮ್ಮ ಮನೆಗೂ ಮಧ್ಯೆ ಇರೋದು ಒಂದೇ ಗೋಡೆ. ಹೆದರಿಕೆ ಆಗಲಿಲ್ವಾ ಅಂತ ಕೇಳಿದ್ದಕ್ಕೆ, ಇಲ್ಲ ಅಂದಳು. ಹೆದರಿಕೆಗೆ ಜಾಗವೇ ಇರಲಿಲ್ಲವಂತೆ. ಎದೆ ತುಂಬ ಸಿಟ್ಟಿತ್ತು.

ಬೆಟ್ಟ ಹತ್ತೋಕೆ ಬರೋರಿಗೆ ಕೆಳಗೆ ಗೇಟಲ್ಲಿ ಟಿಕೆಟ್ ಹರಿದುಕೊಡೋದು ಅವಳ ಕೆಲಸ. ಸಂಜೆ ಆರಕ್ಕೆ, ಎಲ್ಲರೂ ಇಳಿದ ಮೇಲೆ ಬೀಗ. ಆ ಮಧ್ಯಾಹ್ನ ಬೆಂಗಳೂರಿನ ಕಾರೊಂದು ಬಂತು. ಮೂವರು. ಮುಂದೆ ಬಂದವನ ಮುಖ ನೋಡುತ್ತಲೇ ಅವಳಿಗೆ ಗುರುತು ಸಿಕ್ತು. ರಂಗೇಶ್. ಆ ಹೆಸರು ಪೊಲೀಸರ ಕಾಗದ ಓದಿ ಓದಿ ಅವಳಿಗೆ ಬಾಯಿಪಾಠ ಆಗಿತ್ತು.

ಅದರ ಹಿಂದಿನ ವರ್ಷ ಕಾರ್ತೀಕದಲ್ಲಿ ಇದೇ ರಂಗೇಶ ಕುಡಿದು, ಬೆಟ್ಟದ ಮೇಲಿನ ದೊಣೆಗೆ ಹಾರಿದ್ದ. ಬಂಡೆಯೊಳಗೇ ಆದ ಹೊಂಡ ಅದು. ಮೇಲಿಂದ ನೋಡಿದ್ರೆ ಮೊಣಕಾಲುದ್ದ ಅನ್ನಿಸುತ್ತೆ, ಒಳಗೆ ಎರಡಾಳು. ಮುಳುಗ್ತಿದ್ದವನನ್ನ ಎತ್ತಿ ದಡಕ್ಕೆ ಹಾಕಿದ್ದು ಸಹನಾಳ ತಮ್ಮ ಭೀಮರಾಜು. ಬಂದೋರಿಗೆ ಬೆಟ್ಟ ತೋರಿಸೋ ಗೈಡು, ಇಪ್ಪತ್ಮೂರು ವಯಸ್ಸು. ಅವನನ್ನ ಮೇಲಕ್ಕೆ ಹಾಕಿ ತಾನು ಪಾಚಿಗೆ ಜಾರಿದ. ಮತ್ತೆ ಬರಲಿಲ್ಲ.

ರಂಗೇಶ ಪೊಲೀಸರ ಮುಂದೆ ಏನು ಬರೆಸಿದ ಗೊತ್ತಾ? 'ನಾನು ನೀರಿಗೇ ಇಳಿದಿಲ್ಲ. ಗೈಡು ಕುಡಿದಿದ್ದ, ಕಾಲು ಜಾರಿ ಬಿದ್ದ.' ಅವತ್ತು ಅವನು ತೂರಾಡ್ತಾ, ತೊಯ್ದ ಬಟ್ಟೇಲೇ ಗೇಟು ದಾಟಿದ್ದನ್ನ ಸಹನಾ ಕಣ್ಣಾರೆ ನೋಡಿದ್ದಳು, ಆದ್ರೆ ಅವಳ ಮಾತು ಯಾರೂ ನಂಬಲಿಲ್ಲ. ಭೀಮರಾಜು ಹಬ್ಬದ ದಿನಾನೂ ಮುಟ್ಟದ ಹುಡುಗ. ಅವತ್ತಿಂದ ಅವರಮ್ಮ ಚಿಕ್ಕಹನುಮಕ್ಕ ನಲ್ಲಿ ಹತ್ರ ನೀರಿಗೆ ಬರೋದೇ ಬಿಟ್ಟಳು. ಅಲ್ಲಿ ಜನ ಮಾತಾಡ್ತಾರೆ...

ಅಂಥವನು ಬಂದು, ಕಪ್ಪು ಕನ್ನಡಕ ತಲೆ ಮೇಲೇರಿಸಿ, ನಕ್ಕೊಂಡು ಕೇಳ್ತಾನೆ, "ಮೂರು ಟಿಕೆಟ್ ಕೊಡಿ ಮೇಡಂ. ಇಲ್ಲಿ ಗೈಡ್ ಯಾರೂ ಸಿಗಲ್ವಾ?"

"ಇದ್ದ. ಈಗಿಲ್ಲ."

"ಪರವಾಗಿಲ್ಲ ಬಿಡಿ, ನಂಗೆ ದಾರಿ ಗೊತ್ತು."

ಆರು ಗಂಟೆಗೆ ಇಬ್ಬರು ಇಳಿದರು. ಅವನೆಲ್ಲಿ ಅಂದ್ರೆ, "ವಿಡಿಯೋ ಮಾಡ್ತವ್ನೆ ಮೇಡಂ, ಬರ್ತಾನೆ" ಅಂದು ಕಾರೊಳಗೆ ಹಾಡು ಹಾಕ್ಕೊಂಡು ಕೂತರು. ಏಳಾಯ್ತು. ಏಳೂವರೆ ಆಯ್ತು. ಕಾರಲ್ಲಿ ಕುಡಿಯೋದಕ್ಕೆ ಕೂತವರಿಗೆ ಅವನ ನೆನಪೇ ಇಲ್ಲ. ಸಹನಾ ಎದ್ದಳು. ಗೇಟಿಗೆ ಬೀಗ ಹಾಕಿದಳು. ಮೇಲೆ ಅವನಿದ್ದಾನೆ ಅಂತ ಗೊತ್ತಿದ್ದೇ ಹಾಕಿದಳು, ಅದನ್ನ ಅವಳು ಮುಚ್ಚಿಡಲ್ಲ.

ಆಲದ ಮರದ ಕೆಳಗೆ ಮತ್ತೆ ಸದ್ದು. ಪಚಕ್... ಪಚಕ್... ಈ ಸಲ ಪಕ್ಕದಲ್ಲೇ.

"ಅಕ್ಕಾ..."

ಪಿಸುಮಾತು. ಗಂಟಲಲ್ಲಿ ನೀರು ಗೊಳಗೊಳ ಅಂದಂಗೆ.

"ಭೀಮಾ?"

"ಮ್ಯಾಲೆ ಒಬ್ಬ ಉಳ್ಕಂಡವ್ನೆ."

"ಗೊತ್ತು ಕಣ್ಲಾ. ಉಳ್ಕಳ್ಲಿ ಬುಡು."

"ಹಿಡ್ಕಂಬುಟ್ಟಿವ್ನಿ ಅಕ್ಕಾ..."

"ಹಿಡ್ಕೊ."

ಒಂದೆಲೆಯೂ ಅಲ್ಲಾಡಲಿಲ್ಲ. ಆಮೇಲೆ ಅಳೋ ಹಂಗೆ, "ಬುಡಾನ ಅಂದ್ರೆ ಕೈ ಬಿಚ್ಚಕ್ಕಿಲ್ಲ. ಅಷ್ಟು ಸಿಟ್ಟು ಬಂದೈತೆ. ನೀ ಬಂದು ಬುಡ್ಸು."

"ನಾ ಯಾಕ್ಲಾ ಬರ್ಲಿ? ನೀ ಸತ್ತಿದ್ದು ಅವ್ನಿಂದ. ಅಮ್ಮ ಹೆಂಗವ್ಳೆ ಅಂತ ನೋಡಿದ್ದೀಯಾ?"

"ಅವ್ನೂ ಸತ್ರೆ... ನಿಜ ಯೋಳೋರು ಯಾರಕ್ಕಾ?"

ಸಹನಾ ಸೈಕಲ್ಲನ್ನ ಬಾವಿ ಕಟ್ಟೆಗೆ ಎಸೆದು ಬಂದ ದಾರೀಲೇ ಓಡಿದಳು.

ಕಾರಲ್ಲಿದ್ದವರು ಕುಡಿದು ಮಲಗಿದ್ದರು. ಗಾಜು ಬಡಿದರೂ ಏಳಲಿಲ್ಲ. ಬೀಗ ತೆಗೆದು, ಮೊಬೈಲ್ ಟಾರ್ಚ್ ಹಿಡಿದು ಒಬ್ಬಳೇ ಹತ್ತಿದಳು. ಅರ್ಧ ಬೆಟ್ಟಕ್ಕೆ ಬಂದಾಗಲೇ ಕೆಮ್ಮು ಕೇಳಿಸ್ತು. ಮುಳುಗ್ತಾ ಕೆಮ್ಮೋರ ಕೆಮ್ಮು.

ಇಲ್ಲಿ ಒಂದು ಮಾತು. ಈ ಸಲ ದೊಣೆ ಶಿವರಾತ್ರಿ ಹೊತ್ತಿಗೇ ಒಣಗಿತ್ತು. ಇದು ನಡೆದಿದ್ದು ಯುಗಾದಿ ಕಳೆದು ತಿಂಗಳಾದ ಮೇಲೆ. ತಳದಲ್ಲಿ ಬಿರುಕು ಬಿಟ್ಟ ಮಣ್ಣು, ಅಷ್ಟೇ. ವಿಡಿಯೋ ಮಾಡೋಕೆ ರಂಗೇಶ ತಳಕ್ಕೆ ಇಳಿದಿದ್ದನಂತೆ. ಆ ಒಣ ಮಣ್ಣಿನ ಮೇಲೆ ಅಂಗಾತ ಬಿದ್ದಿದ್ದ. ತಲೆಯಿಂದ ಕಾಲವರೆಗೆ ನೆನೆದು ತೊಪ್ಪೆ. ಬಾಯಿಂದ ಬುಳಬುಳ ನೀರು.

"ಮೇಡಂ... ಕಾಲು... ಯಾರೋ ಹಿಡ್ಕೊಂಡವ್ರೆ..."

ಅವಳು ಅವನ ಕಾಲ ಕಡೆ ಟಾರ್ಚ್ ಬಿಟ್ಟು ನೋಡಿದಳು. ಯಾರೂ ಇಲ್ಲ. ಆದ್ರೆ ಬಲಗಾಲಿನ ಹಿಮ್ಮಡಿ ಮೇಲೆ ಪ್ಯಾಂಟು ಮುಷ್ಟೀಲಿ ಹಿಡಿದಂಗೆ ಮುದುಡಿಕೊಂಡಿತ್ತು.

ಸಹನಾ ಇಳಿಯಲಿಲ್ಲ. ದೊಣೆ ಅಂಚಲ್ಲಿ ಕೂತಳು.

"ಹೋದ ವರ್ಷ ನಿನ್ನ ಇಲ್ಲಿಂದ ಎತ್ತಿದನಲ್ಲ, ಅವನ ಹೆಸರೇನು?"

ಕೆಮ್ಮಿದ. "ಗೊ... ಗೊತ್ತಿಲ್ಲ."

"ಗೊತ್ತಿಲ್ವಾ! ಓದೋಕ್ ಬರದ ನಮ್ಮಮ್ಮ ನಿನ್ನ ಹೆಸರು ದಿನಾ ಬಾಯಲ್ಲಿ ಇಟ್ಕಂಡವ್ಳೆ. ನಿನ್ಗೆ ಅವನ ಹೆಸ್ರು ಗೊತ್ತಿಲ್ಲ! ಭೀಮರಾಜು. ಹೇಳು."

"ಭೀಮ... ರಾಜು."

"ಕುಡಿದಿದ್ದೋನು ಯಾರು?"

ಬುಳಕ್ ಅಂತ ಮತ್ತೆ ಬಾಯಿ ತುಂಬ ನೀರು ಬಂತು. ಉಗುಳಿ ಕೂಗಿದ. "ನಾನು! ನಾನೇ ಕುಡಿದಿದ್ದು, ನಾನೇ ಹಾರಿದ್ದು! ಎತ್ತಕ್ಕಾ, ಕಾಲಿಗೆ ಬೀಳ್ತೀನಿ..."

ಆಗ ಇಳಿದಳು. ಇಳಿದು ಮೊದಲು ಕೆನ್ನೆಗೆ ಒಂದು ಬಿಟ್ಟಳು, ಬೆಟ್ಟಕ್ಕೆಲ್ಲ ಕೇಳೋ ಹಂಗೆ. ಆಮೇಲೆ ಆ ಮುದುಡಿದ ಬಟ್ಟೆ ಮೇಲೆ ಅಂಗೈ ಇಟ್ಟಳು. ಕೊರೆಯೋಷ್ಟು ತಣ್ಣಗಿತ್ತು.

"ಬುಡು ಭೀಮಾ," ಪಿಸುಗುಟ್ಟಿದಳು. "ಅವ್ನು ಯೋಳ್ತಾನೆ. ಯೋಳ್ದಿದ್ರೆ ನಾನೇ ತಂದು ಇಲ್ಲಿ ಹಾಕ್ತೀನಿ. ಬುಡಪ್ಪಾ..."

ಮಡಿಕೆ ಬಿಚ್ಚಿಕೊಳ್ತು. ಒಮ್ಮೆಗೇ ಅಲ್ಲ, ಒಂದೊಂದೇ ಬೆರಳು ಸಡಿಲಿಸಿದಂಗೆ. ಒಂದು... ಎರಡು... ಮೂರು... ನಾಲ್ಕು... ಕೊನೆಗೆ, ಬಹಳ ಹೊತ್ತು ಬಿಟ್ಟು, ಐದು.

ಅವನನ್ನ ಎಳೆದುಕೊಂಡೇ ಇಳಿಸಿದಳು. ಅಷ್ಟರಲ್ಲಿ ಎಚ್ಚರಾಗಿದ್ದ ಗೆಳೆಯರು ಮಧುಗಿರಿ ಆಸ್ಪತ್ರೆಗೆ ಹಾಕಿದರು. ಮೂರನೇ ದಿನ ರಂಗೇಶ ಸ್ಟೇಷನ್ನಿಗೆ ಹೋಗಿ ಇದ್ದದ್ದು ಇದ್ದಂಗೆ ಬರೆಸಿದ. ಅಲ್ಲಿಂದ ನಮ್ಮ ಬೀದಿಗೂ ಬಂದ. ಚಿಕ್ಕಹನುಮಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಬಾ ಅನ್ನಲಿಲ್ಲ. "ಇದನ್ನ ಅವತ್ತೇ ಹೇಳಿದ್ರೆ ನಿನ್ನ ನಾಲ್ಗೆ ಬಿದ್ದೋಗ್ತಿತ್ತಾ?" ಅಂದು ಕದ ಹಾಕಿಕೊಂಡಳು. ಸಹನಾಳಿಗೆ ಈಗಲೂ ಸಿಟ್ಟು ಇಳಿದಿಲ್ಲ. ಆ ರಾತ್ರಿ ಯಾಕೆ ಎತ್ತಿದೆ ಅಂತ ಒಂದೊಂದು ದಿನ ತನ್ನ ಮೇಲೇ ಕೂಗಾಡ್ತಾಳೆ. ಗೋಡೆ ಈಚೆಗೆ ಕೇಳಿಸುತ್ತೆ.

ಸುಳ್ಳು ಅನ್ನೋರು ಕರಿಬಸಮ್ಮನ್ನ ಕೇಳಿ. ಆಸ್ಪತ್ರೇಲಿ ಆಯಾ ಆಗಿದ್ದೋಳು. ಆ ರಾತ್ರಿ ರಂಗೇಶನ ಒದ್ದೆ ಪ್ಯಾಂಟು ಬಿಚ್ಚಿ ಬಚ್ಚಲಲ್ಲಿ ಹಿಂಡಿದ್ದು ಅವಳೇ. ಜೇಬಿಂದ ಬೆರಳುದ್ದದ ಮೀನೊಂದು ಕೆಳಗೆ ಬಿದ್ದು ಪಟಪಟ ಅಂತ ಒದ್ದಾಡಿತು. ಅವಳು ಬಕೆಟ್ಟಿಗೆ ಬಿಟ್ಟಳು. ನಮ್ಮ ಬೀದಿಯಿಂದ ಆರು ಜನ ಹೋಗಿ ಕಣ್ಣಾರೆ ನೋಡಿ ಬಂದೆವು. ನಾಲ್ಕು ದಿನ ಬದುಕಿತ್ತು.