ಊರು ಎಂಬ ಕ್ರಿಯಾಪದ

ಇಲ್ಲ, ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತದೆ. ಇಲ್ಲಿ ಕೂತುಕೊಳ್ಳಿ, ಕೌಶಿಕ್. ಲಿಫ್ಟ್ ಎಲ್ಲಿಗೂ ಓಡಿಹೋಗುವುದಿಲ್ಲ, ಹತ್ತು ನಿಮಿಷ ಬಿಟ್ಟು ಹೋಗಿ. ಹೇಗಿದ್ದಾಳೆ ಪ್ರತೀಕ್ಷಾ? ಊಟ ಮಾಡಿದಳೇ? ಎಡಗೈಯಲ್ಲಿ ಚಮಚ ಹಿಡಿದಳೋ, ನೀವೇ ತಿನ್ನಿಸಿದಿರೋ? ...ಓಹೋ. ಸರಿ. ನಾನು ಕೇಳಬಾರದಿತ್ತು.

ಆಂಟಿ ಎನ್ನಬೇಡಿ. ಅದು ಒಳ್ಳೆಯ ಇಂಗ್ಲಿಷೂ ಅಲ್ಲ, ಒಳ್ಳೆಯ ಕನ್ನಡವೂ ಅಲ್ಲ. ಮೇಡಂ ಎಂದರೆ ಸಾಕು... ಯಾಕೆ ನಗುತ್ತೀರಿ? ಅಮ್ಮ ಹೀಗೇ ಹೇಳುತ್ತಾರೆ ಎಂದು ಅವಳು ಮೊದಲೇ ಹೇಳಿದ್ದಳೇ? ಹೇಳಿರುತ್ತಾಳೆ. ನನ್ನ ಧ್ವನಿಯನ್ನೂ ಮಾಡಿ ತೋರಿಸಿರುತ್ತಾಳೆ.

ನೋಡಿ, ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಮೂರನೆಯ ಆಪರೇಷನ್. ಬಲಗೈಯ ಎರಡು ಬೆರಳು ತಿರುವನಂತಪುರದಲ್ಲೇ ಹೋದವು. ಹೆಬ್ಬೆರಳನ್ನಾದರೂ ಉಳಿಸಬಹುದೇನೋ ಎಂದು ಆಂಬುಲೆನ್ಸಿನಲ್ಲಿ ಇಲ್ಲಿಗೆ, ಕೊಚ್ಚಿಗೆ ಕಳಿಸಿದರು. ಉಳಿಯುತ್ತದೋ ಇಲ್ಲವೋ ನಾಳೆ ಗೊತ್ತಾಗುತ್ತದೆ. ಅದಕ್ಕೆ ಮೊದಲು ಐದು ನಿಮಿಷ ನಾನು ಅವಳನ್ನು ನೋಡಬೇಕು. ನಾನು ಕೇಳುವುದು ಇಷ್ಟೇ. ಮೂರು ದಿನದಿಂದ ಈ ಕಾರಿಡಾರಿನಲ್ಲಿ ಕೂತಿದ್ದೇನೆ. ಅಪ್ಪನನ್ನು ಒಳಗೆ ಬಿಟ್ಟಳು. ಗೆಳೆಯ ಎಂದು ನಿಮ್ಮನ್ನು ಬಿಟ್ಟಳು. ರೋಗಿಯ ಜೊತೆಗಿರುವವರು ಎಂಬಲ್ಲಿ ನಿಮ್ಮ ಹೆಸರು ಬರೆಸಿದ್ದಾಳೆ. ನಾನು ಮಾತ್ರ... ಬೇಡವಂತೆ. ನಿನ್ನೆ ಕಳಿಸಿದ ನೀರುದೋಸೆ ಮುಚ್ಚಳ ತೆಗೆಯದೆ ವಾಪಸು ಬಂತು. ಆಸ್ಪತ್ರೆಯ ಗಂಜಿ ಸಾಕಂತೆ.

ಕಾರಣ ಹೇಳಿದಳೇ ನಿಮಗೆ? ...ಹೇಳಿಲ್ಲ. ಅವಳ ಅಪ್ಪನಿಗೂ ಹೇಳಿಲ್ಲ. ಕೇಳಿದರೆ ಗೋಡೆಯ ಕಡೆ ತಿರುಗಿಕೊಂಡಳಂತೆ. ಇನ್ನೊಂದು ಗೊತ್ತೇ? ಈಗ ಅಪ್ಪನ ಹತ್ತಿರವೂ ಮಲಯಾಳದಲ್ಲೇ ಮಾತು. ಮನೆಯೊಳಗೆ ಒಂದು ಶಬ್ದ ಮಲಯಾಳ ಆಡದೆ ಬೆಳೆದ ಹುಡುಗಿ.

ನೀವು ಒಳಗೆ ಹೋಗಿ ಒಂದು ಮಾತು ಹೇಳಬೇಕು. ನೀವು ಹೇಳಿದರೆ ಕೇಳುತ್ತಾಳೆ. ಅಮ್ಮ ಮಾಡಿದ್ದು ಭಾಷೆಯ ತಪ್ಪು, ಎಂದು. ಭಾಷೆಯ ತಪ್ಪಿಗೆ ತಾಯಿಯನ್ನು ಬಾಗಿಲ ಹೊರಗೆ ನಿಲ್ಲಿಸುತ್ತಾರೆಯೇ?

ಏನು ತಪ್ಪು ಎಂದರೆ... ಮೊದಲಿನಿಂದ ಹೇಳುತ್ತೇನೆ. ಅವಳು ಮಾಡುತ್ತಿದ್ದ ಬ್ಯಾಟರಿ ಚಾರ್ಜರಿನ ನಕ್ಷೆ ಬರೆದುಕೊಟ್ಟವರು ನೀವೇ ಇರಬಹುದು. ಆದರೆ ನಮ್ಮ ಮನೆಯಲ್ಲಿ ಅದು ಹೇಗಿತ್ತು ಎಂದು ನೀವು ಕಂಡಿಲ್ಲ. ನಮ್ಮವರಿಗೆ ಮಲಗುವಾಗ ಮೂಗಿಗೆ ಗಾಳಿ ಒತ್ತುವ ಯಂತ್ರ ಬೇಕು, ಇಲ್ಲದಿದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ. ನಮ್ಮ ಮನೆಯಿರುವ ಶ್ರೀಕಾರ್ಯಂನಲ್ಲಿ ಸ್ವಲ್ಪ ಗಾಳಿ ಬೀಸಿದರೂ ಕರೆಂಟ್ ಹೋಗುತ್ತದೆ. ಅದಕ್ಕೊಂದು ಬ್ಯಾಟರಿ ಮಾಡುತ್ತೇನೆ ಎಂದು ಹೊರಟಳು. ಅಂಗಡಿಯಿಂದ ಇನ್ವರ್ಟರ್ ತರೋಣ ಎಂದೆ. ಬೇಡ, ಅಪ್ಪನ ದಿಂಬಿನ ಪಕ್ಕದಲ್ಲಿ ಇಡುವ ವಸ್ತು, ಬೆಂಕಿ ಹಿಡಿಯದಂಥದ್ದೇ ಆಗಬೇಕು ಎಂದಳು. ನೀವು ಇಲ್ಲಿಂದ ನಾಲ್ಕು ಸೆಲ್ ಕಳಿಸಿದಿರಿ, ಸಾಲಿಡ್ ಸ್ಟೇಟ್ ಸೆಲ್. ಮೊಬೈಲಿನ ಬ್ಯಾಟರಿಯಂತೆ ಒಳಗೆ ದ್ರವ ಇಲ್ಲ, ಪಿಂಗಾಣಿಯಂಥ ತೆಳು ಹಾಳೆ ಮಾತ್ರ ಎಂದು ನನಗೆ ಪಾಠ ಮಾಡಿದಳು. ದ್ರವವೇ ಇಲ್ಲದ ಮೇಲೆ ಹೊತ್ತಿಕೊಳ್ಳುವುದು ಯಾವುದು ಹೇಳಿ, ಎಂದು ನನ್ನನ್ನೇ ಕೇಳಿದಳು. ನಂಬಿದೆ. ಆ ಹಾಳೆಯ ಒಂದು ಮಗ್ಗುಲಲ್ಲಿ ಇರುವುದು ಲಿಥಿಯಂ ಲೋಹ, ಅದು ಉರಿಯುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ. ನೀವೂ ಹೇಳಲಿಲ್ಲ.

ವಾರವಿಡೀ ಕಳಕ್ಕೂಟಂನ ಆಫೀಸು. ಶನಿವಾರ ಭಾನುವಾರ ಹಿಂದಿನ ಕೋಣೆಯಲ್ಲಿ ಸೋಲ್ಡರಿಂಗ್. ಚಾರ್ಜರ್ ನೋಡಲು ಚೆನ್ನಾಗಿಯೇ ಇತ್ತು, ವೈರುಗಳನ್ನೆಲ್ಲ ಅಚ್ಚುಕಟ್ಟಾಗಿ ಕಟ್ಟಿದ್ದಳು. ಆ ಅಚ್ಚುಕಟ್ಟು ನಾನು ಕಲಿಸಿದ್ದು. ಆದರೆ ಕೆಲಸ ಸರಿಯಿರಲಿಲ್ಲ. ಸೆಲ್ ತುಂಬುತ್ತಾ ಬಂದಂತೆ ಕರೆಂಟ್ ಇಳಿಯಬೇಕಂತೆ, ಕೊನೆಗೆ ನಿಲ್ಲಬೇಕಂತೆ. ಇದು ಇಳಿಯುತ್ತಲೇ ಇರಲಿಲ್ಲ. ಮೂರು ವಾರ ಹುಡುಕಿದಳು. ರೆಸಿಸ್ಟರ್ ಬದಲಾಯಿಸಿದಳು. ಭೂತಗನ್ನಡಿ ಹಿಡಿದು ಒಂದೊಂದು ಬೆಸುಗೆಯನ್ನೂ ನೋಡಿದಳು, ಕಿತ್ತು ಮತ್ತೆ ಹಾಕಿದಳು. ಮೂರು ಕಾಲಿನ ಆ ಕರಿ ಚೂರು, ಮಾಸ್‌ಫೆಟ್, ಮುಟ್ಟಿದರೆ ಸುಡುತ್ತಿತ್ತು. ಅದಕ್ಕೊಂದು ಅಲ್ಯೂಮಿನಿಯಂ ತಗಡು ಕಟ್ಟಿದಳು. ಕೊನೆಗೆ ನೀವು ಹೇಳಿದಿರಂತೆ, ಸೆಲ್ಲಿನ ವೋಲ್ಟೇಜ್ ಅಳೆಯುವ ತಂತಿಯೇ ಸರಿಯಾಗಿ ಮುಟ್ಟುತ್ತಿಲ್ಲ, ಸೆಲ್ ತುಂಬಿದ್ದು ಚಾರ್ಜರಿಗೆ ಗೊತ್ತೇ ಆಗುತ್ತಿಲ್ಲ, ಎಂದು. ಹೇಳಿದ್ದಿರಲ್ಲವೇ? ...ಹಾಗಾದರೆ ಅದೇ ಮೂಲ. ಒಂದು ತಂತಿ. ನಾನು ಯಾರನ್ನೂ ದೂರುತ್ತಿಲ್ಲ. ದೂರುವುದಾದರೆ ನಕ್ಷೆಯಿಂದ ಶುರುಮಾಡಬೇಕಾಗುತ್ತದೆ, ಅಲ್ಲವೇ? ತಲೆ ತಗ್ಗಿಸಬೇಡಿ. ನಾನು ಹೇಳಿದ್ದು ನಿಮ್ಮನ್ನು ನೋಯಿಸುವುದಕ್ಕಲ್ಲ.

ಆ ಭಾನುವಾರ ಮಧ್ಯಾಹ್ನ ಮೂರೂವರೆ. ಅವಳು ಹಿಂದಿನ ಕೋಣೆಯಲ್ಲಿ. ಪ್ಲಗ್ ಮಾತ್ರ ಊಟದ ಕೋಣೆಯಲ್ಲಿ, ಇಸ್ತ್ರಿಪೆಟ್ಟಿಗೆಯ ಪಾಯಿಂಟಿನಲ್ಲಿ. ಅಲ್ಲಿಂದ ಉದ್ದಕ್ಕೆ ವೈರ್ ಎಳೆದುಕೊಂಡಿದ್ದಳು. ನಾನು ಆ ಪಾಯಿಂಟಿನಿಂದ ನಾಲ್ಕು ಹೆಜ್ಜೆಯಲ್ಲಿ, ಊಟದ ಮೇಜಿನ ಹತ್ತಿರ ಕೂತು ಪೇಪರ್ ಓದುತ್ತಿದ್ದೆ. ಆ ಪಾಯಿಂಟಿನ ಸ್ವಿಚ್ ಕೆಟ್ಟು ವರ್ಷವಾಯಿತು, ಯಾವಾಗಲೂ ಆನ್. ನಿಲ್ಲಿಸಬೇಕಾದರೆ ಪ್ಲಗ್ಗನ್ನೇ ಕೀಳಬೇಕು. ಪ್ಲಗ್ಗೂ ಸಡಿಲ. ಅಮ್ಮ, ಸ್ವಲ್ಪ ಒತ್ತಿ, ಎಂದು ಅವಳು ಆಗಾಗ ಒಳಗಿನಿಂದ ಹೇಳುವುದು, ನಾನು ಎದ್ದು ಒತ್ತುವುದು. ಇದನ್ನು ನೀವು ಗಮನಿಸಬೇಕು. ಒತ್ತುವುದು ನನಗೆ ರೂಢಿಯಾಗಿತ್ತು.

ಆಗ ಕೂಗಿದಳು. ಅಮ್ಮೇ, ಪ್ಲಗ್ ಊರ್, ಊರಮ್ಮೇ.

ನೀವು ಕೊಚ್ಚಿಗೆ ಬಂದು ನಾಲ್ಕು ವರ್ಷವಾಯಿತು, ನಿಮಗೆ ಗೊತ್ತಿರಬೇಕು. ಮಲಯಾಳದಲ್ಲಿ ಊರು ಎಂದರೆ ಕಳಚು, ಹೊರಗೆಳೆ. ಇವರು ಉಂಗುರ ಊರುತ್ತಾರೆ, ಅಂಗಿ ಊರುತ್ತಾರೆ. ನಾವು? ನಾವು ಕೋಲು ಊರುತ್ತೇವೆ, ಸಸಿ ಊರುತ್ತೇವೆ, ಕಾಲೂರಿ ನಿಲ್ಲುತ್ತೇವೆ. ಅಲುಗದ ಹಾಗೆ ಒತ್ತಿ ನಿಲ್ಲಿಸುವುದು. ಶಬ್ದ ಒಂದೇ, ಅರ್ಥ ತದ್ವಿರುದ್ಧ. ನಾನು ಮಂಗಳೂರಿನವಳು. ಕನ್ನಡದಲ್ಲೇ ಕೇಳಿಸಿಕೊಂಡೆ. ಎದ್ದು ಹೋಗಿ ಪ್ಲಗ್ಗನ್ನು ಒತ್ತಿ ಹಿಡಿದೆ. ಕರೆಂಟ್ ಹೋಗಲಿಲ್ಲ ಎಂದು ಕಂಡು ಅವಳು ಕೈಯಿಂದಲೇ ಕ್ಲಿಪ್ ಕೀಳಲು ಹೋದಳು, ಸೆಲ್ ಅವಳ ಅಂಗೈಯಲ್ಲಿ... ಅಷ್ಟೇ. ಪೊಲೀಸರಿಗೂ ಇದನ್ನೇ ಹೇಳಿದೆ. ಡಾಕ್ಟರಿಗೆ, ನಮ್ಮವರಿಗೆ, ಎಲ್ಲರಿಗೂ. ಆ ಸಬ್ ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯ. ಬರೆಯುವುದನ್ನು ನಿಲ್ಲಿಸಿ ನನಗೆ ಚಹಾ ತರಿಸಿದರು.

 

ಇಲ್ಲಿನ ನರ್ಸುಗಳಿಗೆ ಇದು ಯಾವುದೂ ಗೊತ್ತಿಲ್ಲ, ಅದಕ್ಕೇ ಬಾಯಿಗೆ ಬಂದಂತೆ ಆಡುತ್ತಾರೆ. ನಿನ್ನೆ ಆ ಕೌಂಟರಿನ ಹತ್ತಿರ ಇಬ್ಬರು ಗುಸುಗುಸು. ಮಗಳ ಕೈ ಹೋಗಿದೆ, ಈ ಅಮ್ಮನ ಸೀರೆಯ ನೆರಿಗೆ ಮಾತ್ರ ಒಂದಿಷ್ಟೂ ಕೆಡುವುದಿಲ್ಲ ನೋಡು, ಎಂದು ಒಬ್ಬಳು. ಇನ್ನೊಬ್ಬಳು, ಹಾಗನ್ನಬೇಡ, ಕಣ್ಣೀರೆಲ್ಲ ಒಳಗೇ ಇಂಗಿದೆ ಪಾಪ, ಎಂದಳು. ನನಗೆ ಆ ಎರಡನೆಯವಳ ಮೇಲೆಯೇ ಹೆಚ್ಚು ಸಿಟ್ಟು...

ಏನು? ಯಾಕೆ ಹಾಗೆ ನೋಡುತ್ತೀರಿ?

ಹೌದು, ಮಲಯಾಳದಲ್ಲೇ ಆಡಿದ್ದು. ಇನ್ಯಾವ ಭಾಷೆಯಲ್ಲಿ ಆಡುತ್ತಾರೆ? ಬ್ಯಾಂಕಿನ ವಿಳಿಂಜಂ ಬ್ರಾಂಚಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು ನಾನು. ಮೀನು ಮಾರುವ ಹೆಂಗಸರು ಕೌಂಟರಿಗೆ ಬಂದು ನನ್ನ ಹತ್ತಿರ ಇಂಗ್ಲಿಷ್ ಮಾತಾಡುತ್ತಿದ್ದರೇ? ಅಷ್ಟೋ ಇಷ್ಟೋ ತಿಳಿಯುತ್ತದೆ. ತಿಳಿಯುವುದು ಬೇರೆ, ತುರ್ತಿನಲ್ಲಿ ತಲೆಗೆ ಹೊಳೆಯುವುದು ಬೇರೆ. ಮನೆಯೊಳಗೆ ನಾನು ಕನ್ನಡದವಳಾಗಿಯೇ ಇರುತ್ತೇನೆ. ಇಲ್ಲಿಗೆ ವರ್ಗವಾಗಿ ಬಂದ ಕನ್ನಡದವರ ಮಕ್ಕಳನ್ನು ನೋಡಿದ್ದೀರಲ್ಲ? ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ. ಊರಿಂದ ಅಜ್ಜಿ ಫೋನ್ ಮಾಡಿದರೆ ಮಂಚದಡಿಗೆ ಓಡುತ್ತವೆ. ನನ್ನ ಮಗಳನ್ನು ಹಾಗಾಗಲು ನಾನು ಬಿಡಲಿಲ್ಲ. ಐದು ವರ್ಷದವಳಿದ್ದಾಗ ಒಂದು ದಿನ ಶಾಲೆಯಿಂದ ಬಂದು ವಿಶಕ್ಕುನ್ನು ಎಂದಳು. ಹಸಿವಾಗುತ್ತಿದೆ ಎನ್ನುವವರೆಗೆ ತಟ್ಟೆ ಇಡಲಿಲ್ಲ. ಅರ್ಧ ಗಂಟೆ ಅತ್ತಳು, ಆಮೇಲೆ ಅಂದಳು. ಮತ್ತೆ ಆ ಶಬ್ದ ಅವಳ ಬಾಯಲ್ಲಿ ಬರಲಿಲ್ಲ. ನೀವೇ ಹೇಳಿ, ನಿಮ್ಮ ಬೆಂಗಳೂರಿನಲ್ಲಿ ಬೆಳೆದವರು ಅವಳಷ್ಟು ಚೆನ್ನಾಗಿ ಆಡುತ್ತಾರೆಯೇ?

ಏನೆಂದಿರಿ? ಎಷ್ಟು ಸಲ ಕೂಗಿದಳು, ಎಂದೇ?

ಒಂದು ಸಲ. ಒಂದು ಸಲ ಕೂಗಿದಳು, ನಾನು ಎದ್ದು ಹೋಗಿ ಒತ್ತಿದೆ.

...ಮೂರು? ಮೂರು ಎಂದು ಯಾರು ಹೇಳಿದರು? ಅವಳು ಏನೂ ಹೇಳಿಲ್ಲ ಎಂದು ಈಗ ತಾನೇ ಹೇಳಿದಿರಿ. ನಮ್ಮವರು ಮಲಗಿದ್ದರು, ಆ ಯಂತ್ರದ ಸದ್ದಿನಲ್ಲಿ ಅವರಿಗೆ ಬಾಗಿಲು ಬಡಿದರೂ ಕೇಳಿಸುವುದಿಲ್ಲ. ಮನೆಯಲ್ಲಿ ಬೇರೆ ಯಾರೂ...

ಯಾಕೆ ಕಿವಿ ಮುಟ್ಟಿ ತೋರಿಸುತ್ತೀರಿ?

ಬಿಳಿ ಗುಂಡಿ. ಅವಳ ಕಿವಿಯಲ್ಲಿ ಆ ಬಿಳಿ ಗುಂಡಿ ಇತ್ತು. ಹಾಡು ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ. ನೀನು... ನೀವು. ಅದರೊಳಗೆ, ಫೋನಿನಲ್ಲಿ, ನೀವಿದ್ದಿರಿ. ಮೀಟರಿನ ಅಂಕಿಗಳನ್ನು ಅವಳು ಗಟ್ಟಿಯಾಗಿ ಓದುತ್ತಿದ್ದುದು ತನಗೆ ತಾನೇ ಅಲ್ಲ. ನಿಮಗೆ.

ಎಷ್ಟು ಕೇಳಿಸಿತು? ಅವಳ ಮಾತು ಮಾತ್ರವೋ, ನನ್ನದೂ ಕೇಳಿಸಿತೋ? ...ಕೌಶಿಕ್, ನಿಮ್ಮನ್ನೇ ಕೇಳುತ್ತಿದ್ದೇನೆ. ದೊಡ್ಡವರು ಕೇಳಿದಾಗ ಉತ್ತರ ಹೇಳಬೇಕು.

...

ಪೊಲೀಸರು ನಿಮ್ಮನ್ನೂ ಕರೆಸಿದ್ದರಲ್ಲ. ಅವರಿಗೆ ಹೇಳಲಿಲ್ಲವೇ ನೀವು? ಅವಳು ಬೇಡ ಎಂದಳೇ? ...ಬೇಡ ಎಂದಳು.

ತಲೆ ಎತ್ತಿ ನೋಡಿದ್ದರೆ ಕಾಣುತ್ತಿತ್ತು. ಬಾಗಿಲು ತೆರೆದೇ ಇತ್ತು. ಸೆಲ್ ಉಬ್ಬಿದ್ದು, ಅವಳ ಮುಖ, ಎಲ್ಲವೂ ಕಾಣುತ್ತಿತ್ತು. ಸುಟ್ಟ ವಾಸನೆ ಬಂತು. ದಿನವೂ ಬರುವ ಸೋಲ್ಡರಿಂಗ್ ವಾಸನೆ ಎಂದುಕೊಂಡೆ. ಕೂಗಿದ್ದು ಅರ್ಥವಾಯಿತು. ಆಗಲೇ ಅರ್ಥವಾಯಿತು, ಅದಕ್ಕೇನು ನಿಘಂಟು ಬೇಕೇ? ಆದರೆ ಇಪ್ಪತ್ತಾರು ವರ್ಷ ಹೇಳಿ ಹೇಳಿ ಬಾಯಿಗೆ ಅದೇ ಬಂತು. ಪೇಪರಿನಿಂದ ಕಣ್ಣು ತೆಗೆಯದೆ ಹೇಳಿದೆ, ಕನ್ನಡದಲ್ಲಿ ಹೇಳು, ಎಂದು. ಮತ್ತೆ ಕೂಗಿದಳು. ಮತ್ತೆ ಹೇಳಿದೆ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಹಾಗೆಯೇ ಮಾಡುತ್ತಿದ್ದರು. ಸರಿಯಾದ ಇಂಗ್ಲಿಷ್ ವಾಕ್ಯ ಬರುವ ತನಕ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ, ನೀರು ಬೇಕಾದರೂ, ಹೊಟ್ಟೆ ನೋಯುತ್ತಿದ್ದರೂ. ಅದರಿಂದಲೇ ನಾನು ಕಲಿತದ್ದು. ಒಳ್ಳೆಯ ಪದ್ಧತಿ ಎಂದು... ಪ್ಲಗ್ಗನ್ನು ನಾನು ಒತ್ತಲಿಲ್ಲ. ಮುಟ್ಟಲೇ ಇಲ್ಲ.

ನನ್ನನ್ನು ಒಳಗೆ ಬಿಡು ಎಂದು ಅವಳನ್ನು ಕೇಳಬೇಡಿ. ನಾಳೆಯೂ ಕೇಳಬೇಡಿ.

ಮೂರು ಸಲ ಎಂದಿರಿ. ನಾಲ್ಕನೆಯದನ್ನು ಬಿಟ್ಟಿರಿ. ಕೇಳಿಸಿರಲೇಬೇಕು ನಿಮಗೆ. ಕೂಗಲಿಲ್ಲ, ಧ್ವನಿ ತಗ್ಗಿಸಿ, ತಡೆದು ತಡೆದು, ಮೇಷ್ಟ್ರ ಮುಂದೆ ನಿಂತು ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿದಳು. ಅಮ್ಮ, ದಯವಿಟ್ಟು ಪ್ಲಗ್ಗನ್ನು ಕಿತ್ತುಬಿಡಿ.

ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ, ಕೌಶಿಕ್. ಸೆಲ್ ಸಿಡಿದ ಸದ್ದು ಬಂದಾಗ ನಾನು ಪೇಪರ್ ಮಡಿಸುತ್ತಿದ್ದೆ.